ಹಸಿವು ಗೆಲ್ಲುತ್ತೋ, ಭಯ ಗೆಲ್ಲುತ್ತೋ? ಕಡಲತೀರದ ಬಸವನಹುಳುವಿನ ಮೂಗಿನ ಲೆಕ್ಕ

ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಮೀನು ಮಾರ್ಕೆಟ್ ಒಳಗೆ ಕಣ್ಣು ಮುಚ್ಚಿಕೊಂಡು ನಡೆದರೂ ಸಮುದ್ರದ ಮೀನು ಯಾವ ಕಡೆ ಇದೆ, ಡ್ಯಾಮಿನ ಮೀನು ಯಾವ ಕಡೆ ಇದೆ ಅಂತ ಹೇಳಬಹುದು. ಘಾಟಿ ಹತ್ತಿ ಐಸ್‌ನಲ್ಲಿ ಬಂದ ಬಂಗುಡೆ, ಬೂತಾಯಿಗೆ ಒಂದು ಖಾರವಾದ ವಾಸನೆ. ಕಾಟ್ಲಾ, ರೋಹುಗೆ ಆ ವಾಸನೆ ಇಲ್ಲ, ಅದರ ಬದಲು ಸ್ವಲ್ಪ ಕೆಸರಿನ ವಾಸನೆ ಇರುತ್ತೆ. ನಮ್ಮ ಕಾಲೇಜಿನಲ್ಲಿ ಅರ್ಧ ಜನ ಈ ಸಾಲು ಓದಿ ಮೂಗು ಮುಚ್ಚಿಕೊಂಡಿರ್ತಾರೆ, ಗೊತ್ತು. ಆದರೂ ಸ್ವಲ್ಪ ತಾಳಿ. ಈ ವಾಸನೆಯ ಹಿಂದೆ ಫಸ್ಟ್ ಇಯರ್ ಕೆಮಿಸ್ಟ್ರಿಯೇ ಇದೆ. ಈ ವಾಸನೆಯನ್ನೇ ನಂಬಿಕೊಂಡು ಊಟ ಹುಡುಕುವ ಒಂದು ಪ್ರಾಣಿಯ ಬಗ್ಗೆ ನಾನು ಬರೆಯಬೇಕಾಗಿರೋದು.

ಸಮುದ್ರದ ನೀರು ಉಪ್ಪು. ಆ ಉಪ್ಪಿನ ಎದುರು ದೇಹದ ಜೀವಕೋಶಗಳು ನೀರು ಕಳೆದುಕೊಂಡು ಬಾಡದಂತೆ, ಪ್ರೋಟೀನುಗಳ ಆಕಾರ ಕೆಡದಂತೆ ನೋಡಿಕೊಳ್ಳಲು ಸಮುದ್ರದ ಮೀನುಗಳು ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತುವನ್ನು ಇಟ್ಟುಕೊಂಡಿರುತ್ತವೆ. ಅದಕ್ಕೆ ವಾಸನೆಯೇ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರಿಂದ ಆಕ್ಸಿಜನ್ ಕಿತ್ತುಕೊಳ್ಳುತ್ತವೆ. ಉಳಿಯುವುದು ಟ್ರೈಮೀಥೈಲಮೀನ್. ಮೀನಿನ ವಾಸನೆ ಅಂತ ನಾವು ಕರೆಯುವುದು ಮುಖ್ಯವಾಗಿ ಇದನ್ನೇ. ಸಿಹಿನೀರಿನ ಮೀನಿನಲ್ಲಿ ಈ ಆಕ್ಸೈಡ್ ತೀರಾ ಕಡಿಮೆ, ಹಾಗಾಗಿ ಭದ್ರಾ ಡ್ಯಾಮಿನ ಮೀನಿಗೆ ಆ ಘಾಟು ಬರುವುದಿಲ್ಲ. ಅದರ ಕೆಸರು ವಾಸನೆಗೆ ಕಾರಣ ಜಿಯೋಸ್ಮಿನ್; ಮೊದಲ ಮಳೆಗೆ ಮಣ್ಣು ಘಮ್ ಅನ್ನುತ್ತಲ್ಲ, ಅದೇ ಅಣು. ಇನ್ನು ಅಮೀನ್ ಅಂದರೆ ಬೇಸ್. ಅದಕ್ಕೆ ಆಸಿಡ್ ಸೇರಿಸಿದರೆ ಆವಿಯಾಗದ ಸಾಲ್ಟ್ ಆಗಿ ಕೂತುಬಿಡುತ್ತದೆ. ಮೀನು ಸಾರಿಗೆ ಹುಣಸೆಹಣ್ಣೋ ವಾಟೆಹುಳಿಯೋ ಬೀಳದೆ ಇರುವುದಿಲ್ಲ ಯಾಕೆ ಅಂತ ಈಗ ಗೊತ್ತಾಯ್ತಲ್ಲ. ನಮ್ಮ ಅಜ್ಜಿಯರು ಇದನ್ನು ಪೀರಿಯಾಡಿಕ್ ಟೇಬಲ್ ನೋಡದೆ ಕಂಡುಕೊಂಡಿದ್ದರು.

ನಾವು ಹುಳಿ ಹಿಂಡಿ ಓಡಿಸುವ ಈ ಅಣು ಸಮುದ್ರದ ಮರಳಿನಲ್ಲಿ ಹೂತುಕೊಂಡಿರುವ ಕೆಲವು ಬಸವನಹುಳುಗಳಿಗೆ ಊಟದ ಗಂಟೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ 'ಸ್ನೇಲ್' ಮೊದಲು ಬಂತು, 'ಬಸವನಹುಳು' ಆಮೇಲೆ ಬಂತು. ಆದರೆ ತಲೆಯ ಮೇಲೆ ಎರಡು ಕೊಂಬು ಚಾಚಿಕೊಂಡು ನಿಧಾನವಾಗಿ ನಡೆಯುವ ಇದಕ್ಕೆ ಕನ್ನಡದ ಹೆಸರೇ ಸರಿ ಅನ್ನಿಸುತ್ತದೆ. ಮಳೆಗಾಲದಲ್ಲಿ ಹಿತ್ತಿಲಿನ ಗೋಡೆ ಹತ್ತುವ, ಎಲೆ ತಿನ್ನುವ ಹುಳು ನಮಗೆಲ್ಲ ಗೊತ್ತು. ಸಮುದ್ರದಂಚಿನಲ್ಲಿ ಇದರ ನೆಂಟರು ಹಲವರು ಮಾಂಸಾಹಾರಿಗಳು. ಅವರಲ್ಲೂ ನಸ್ಸಾರಿಯಸ್ ಮತ್ತು ಬುಲ್ಲಿಯಾ ಎಂಬ ಎರಡು ಹತ್ತಿರದ ಬಳಗಗಳಿಗೆ ಇಷ್ಟವಾದದ್ದು ಸತ್ತ ಪ್ರಾಣಿ. ನಸ್ಸಾರಿಯಸ್‌ಗಳು ನಮ್ಮ ಕರಾವಳಿಯಲ್ಲೂ ಇವೆ. ಬುಲ್ಲಿಯಾ ಮೆಲನಾಯ್ಡಿಸ್ ಎಂಬುದು ಭಾರತದ ನೈಋತ್ಯ ಕಡಲತೀರದ ಮರಳಿನಲ್ಲಿ ಸಿಗುತ್ತದೆ. ಹೆಚ್ಚಿನವು ಬೆರಳ ತುದಿಯಷ್ಟೇ ದೊಡ್ಡವು. ಬೀಚಿನಲ್ಲಿ ಖಾಲಿ ಚಿಪ್ಪು ಆರಿಸಿ ಜೇಬಿಗೆ ಹಾಕಿಕೊಂಡವರ ಕೈಗೆ ಇವು ಬಂದೇ ಇರುತ್ತವೆ.

ಸತ್ತದ್ದನ್ನು ತಿನ್ನುವುದು ಆರಾಮದ ಕೆಲಸ ಅಂತ ಅನ್ನಿಸಬಹುದು. ಬೇಟೆಯಾಡಬೇಕಿಲ್ಲ, ಊಟ ಓಡಿಹೋಗುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಇದಕ್ಕಿಂತ ಕಷ್ಟದ ಕಸುಬಿಲ್ಲ. ಸಮುದ್ರದಲ್ಲಿ ಹೆಣ ಎಲ್ಲಿ, ಯಾವಾಗ ಸಿಗುತ್ತೆ ಅಂತ ಯಾರೂ ಹೇಳಲಾರರು. ಸಿಕ್ಕರೂ ಏಡಿ, ಮೀನು, ಹಕ್ಕಿ, ಅಲೆ ಎಲ್ಲ ಸೇರಿ ಕ್ಷಣದಲ್ಲಿ ಖಾಲಿ ಮಾಡುತ್ತವೆ. 1994ರಲ್ಲಿ ಜೋಸೆಫ್ ಬ್ರಿಟನ್ ಮತ್ತು ಬ್ರಯಾನ್ ಮಾರ್ಟನ್ ಎಂಬ ಇಬ್ಬರು ಪ್ರಾಣಿಶಾಸ್ತ್ರಜ್ಞರು ಸಮುದ್ರದ ಹೆಣಗಳು ಮತ್ತು ಅವನ್ನು ತಿನ್ನುವವರ ಬಗ್ಗೆ ಒಂದು ದೊಡ್ಡ ವಿಮರ್ಶೆ ಬರೆದರು. ಸಿಕ್ಕರೆ ಹೆಣ ತಿನ್ನುವವರು ಬೇಕಾದಷ್ಟು ಇದ್ದಾರೆ, ಅದನ್ನೇ ಮುಖ್ಯ ಕಸುಬು ಮಾಡಿಕೊಂಡವರು ಬಹಳ ಕಡಿಮೆ ಅನ್ನುವುದು ಅದರ ಒಂದು ತಿರುಳು. ಆ ಕಡಿಮೆ ಜನರಲ್ಲಿ ನಸ್ಸಾರಿಯಸ್ ಕುಟುಂಬ ಸೇರುತ್ತದೆ.

ಅದರ ಉಪಕರಣಗಳನ್ನು ನೋಡಿ. ಮರಳಿನೊಳಗೆ ಪೂರ್ತಿ ಹೂತುಕೊಂಡಿರುವ ಹುಳು ಸೈಫನ್ ಎಂಬ ಒಂದು ಕೊಳವೆಯನ್ನು ಮಾತ್ರ ಮೇಲಕ್ಕೆ ಚಾಚಿರುತ್ತದೆ. ಆ ಕೊಳವೆಯಿಂದ ನೀರು ಒಳಗೆ ಹೋಗಿ ಕಿವಿರನ್ನು ತಲುಪುತ್ತದೆ. ದಾರಿಯಲ್ಲಿ ಆಸ್ಫ್ರೇಡಿಯಂ ಎಂಬ ಅಂಗವೊಂದು ಆ ನೀರನ್ನು ಪರೀಕ್ಷೆ ಮಾಡುತ್ತದೆ. ಅಂದರೆ ಉಸಿರಾಟದ ಪಂಪ್ ಮತ್ತು ಮೂಗು ಎರಡೂ ಒಂದೇ ಪೈಪ್‌ಲೈನಿನಲ್ಲಿವೆ. ಪ್ರತ್ಯೇಕ ಪವರ್ ಬೇಡ. ಎಂಬೆಡೆಡ್ ಪ್ರಾಜೆಕ್ಟ್ ಮಾಡುವವರು ಈ ಡಿಸೈನ್ ನೋಡಿ ಸ್ವಲ್ಪ ಹೊಟ್ಟೆ ಉರಿದುಕೊಳ್ಳಬಹುದು. ವಾಸನೆ ತಟ್ಟಿದ ಕೂಡಲೇ ಮರಳು ಸೀಳಿಕೊಂಡು ಹುಳು ಹೊರಬರುತ್ತದೆ, ಸೈಫನ್ ಅನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಹೊರಡುತ್ತದೆ. ಹೆಣ ತಲುಪಿದ ಮೇಲೆ ಸೊಂಡಿಲು ಚಾಚಿ, ರಾಡ್ಯುಲಾ ಎಂಬ ಗರಗಸದಂಥ ನಾಲಗೆಯಿಂದ ಹೆರೆದು ತಿನ್ನುತ್ತದೆ. ಬೇಗ ಬೇಗ ಹೊಟ್ಟೆ ತುಂಬಿಸಿಕೊಂಡು ಮತ್ತೆ ಮರಳೊಳಗೆ ಮಾಯ. ಕೂತು ಹರಟುವ ಅಭ್ಯಾಸ ಇಲ್ಲ.

ದಕ್ಷಿಣ ಆಫ್ರಿಕಾದ ಬುಲ್ಲಿಯಾ ಡಿಜಿಟಾಲಿಸ್ ಇನ್ನೂ ಒಂದು ಹೆಜ್ಜೆ ಮುಂದೆ. ಕೇಪ್‌ಟೌನ್ ವಿಶ್ವವಿದ್ಯಾಲಯದ ಎ.ಸಿ. ಬ್ರೌನ್ ಇದರ ಹಿಂದೆ ದಶಕಗಳ ಕಾಲ ಬಿದ್ದಿದ್ದರು. ಇದಕ್ಕೆ ಕಣ್ಣಿಲ್ಲ. ಅಲೆ ಹೊಡೆಯುವ ಜಾಗದ ಮರಳಿನಲ್ಲಿ ಹೂತಿರುತ್ತದೆ. ದಡಕ್ಕೆ ಬಂದು ಬಿದ್ದ ಅಂಬಲಿಮೀನೋ ಸತ್ತ ಮೀನೋ ಕೊಳೆಯಲು ಶುರುವಾಗಿ ಟ್ರೈಮೀಥೈಲಮೀನ್ ನೀರಿಗೆ ಇಳಿದರೆ ಸಾಕು, ಹುಳು ಮೇಲೆದ್ದು ತನ್ನ ಅಗಲವಾದ ಪಾದವನ್ನು ಹಾಯಿಯ ಹಾಗೆ ಬಿಚ್ಚುತ್ತದೆ. ಅಲೆ ಅದನ್ನು ಎತ್ತಿಕೊಂಡು ದಡದ ಕಡೆ ತಂದು ಹಾಕುತ್ತದೆ. ಉಳಿದ ದಾರಿ ನಡಿಗೆ. ಬಸವನಹುಳು ಸರ್ಫಿಂಗ್ ಮಾಡುತ್ತೆ ಅಂದರೆ ನಂಬುವುದು ಕಷ್ಟ, ಆದರೆ ಇಂಜಿನ್ ಇಲ್ಲದವನು ಬಸ್ ಹತ್ತಿದ ಹಾಗೆ ಅಷ್ಟೇ. ಅಪಾಯವೂ ಇದೆ. ಅಲೆ ತೀರಾ ಮೇಲಕ್ಕೆ ಎಸೆದರೆ ನೀರು ಹಿಂದೆ ಸರಿದಾಗ ಬಿಸಿಲಲ್ಲಿ, ಹಕ್ಕಿಗಳ ಕಣ್ಣೆದುರು ಬಿದ್ದಿರಬೇಕು.

ವಾಸನೆ ಸಿಕ್ಕಿತು, ಆದರೆ ಬಂದದ್ದು ಯಾವ ಕಡೆಯಿಂದ? ಇಲ್ಲಿ ನಮ್ಮ ಸಿಲಬಸ್ ಮತ್ತೆ ಬರುತ್ತದೆ. ಪುಸ್ತಕದಲ್ಲಿ ಡಿಫ್ಯೂಷನ್ ಚಿತ್ರ ಹೇಗಿರುತ್ತೆ? ನಡುವೆ ಗಾಢ, ಸುತ್ತ ತಿಳಿ, ನಯವಾದ ಗ್ರೇಡಿಯಂಟ್. ಹೆಚ್ಚು ಇರುವ ಕಡೆಗೆ ಹೋದರೆ ಆಯಿತು. ನಿಜವಾದ ನೀರಿನಲ್ಲಿ ಹಾಗಿರುವುದೇ ಇಲ್ಲ. ಅಲ್ಲಿರುವುದು ಟರ್ಬ್ಯುಲೆನ್ಸ್. ಊದುಬತ್ತಿಯ ಹೊಗೆ ಸ್ವಲ್ಪ ಮೇಲೆ ಹೋದ ಮೇಲೆ ಹೇಗೆ ಎಳೆ ಎಳೆಯಾಗಿ ಹರಿದುಹೋಗುತ್ತದೋ ಹಾಗೆ ವಾಸನೆ ಚೂರು ಚೂರಾಗಿ ಬರುತ್ತದೆ. ಒಂದು ಕ್ಷಣ ಜೋರು, ಮರುಕ್ಷಣ ಏನೂ ಇಲ್ಲ. ಹೆಣದ ಹತ್ತಿರ ನಿಂತಿದ್ದರೂ ಒಂದಷ್ಟು ಹೊತ್ತು ವಾಸನೆ ಬರದೇ ಇರಬಹುದು. ಇದರಲ್ಲಿ ದಾರಿ ಹುಡುಕುವುದು ಎಷ್ಟು ಕಷ್ಟ ಅಂದರೆ, 2007ರಲ್ಲಿ ನೇಚರ್ ಪತ್ರಿಕೆಯಲ್ಲಿ 'ಇನ್ಫೋಟ್ಯಾಕ್ಸಿಸ್' ಎಂಬ ಹೆಸರಿನಲ್ಲಿ ಗ್ರೇಡಿಯಂಟ್ ಇಲ್ಲದೆಯೇ ಹುಡುಕುವ ಒಂದು ಅಲ್ಗಾರಿದಮ್ ಬಂತು. ವಾಸನೆ ಹಿಡಿಯುವ ರೋಬೋಟ್ ಮಾಡುವವರಿಗೆ ಅದು ಇವತ್ತಿಗೂ ಓದಲೇಬೇಕಾದ ಪೇಪರ್.

ಏಡಿಗಳಿಗೆ ಟರ್ಬ್ಯುಲೆನ್ಸ್ ಹೆಚ್ಚಾದರೆ ದಾರಿ ತಪ್ಪುತ್ತದೆ. ಅಮೆರಿಕದ ನೀಲಿ ಏಡಿಗಳ ಮೇಲೆ 1993ರಲ್ಲೇ ಇದನ್ನು ತೋರಿಸಿದ್ದರು. ಬಸವನಹುಳು ಏಡಿಗಿಂತ ದಡ್ಡ, ಏಡಿಗಿಂತ ನಿಧಾನ. ಅದಕ್ಕೆ ಇನ್ನೂ ಕಷ್ಟ ಆಗಬೇಕಿತ್ತಲ್ವಾ? 2005ರಲ್ಲಿ ಮ್ಯಾಥ್ಯೂ ಫರ್ನರ್ ಮತ್ತು ಮಾರ್ಕ್ ವೈಸ್‌ಬರ್ಗ್ ದೊಡ್ಡ ಜಾತಿಯ ಮಾಂಸಾಹಾರಿ ಬಸವನಹುಳು ಒಂದನ್ನು ವೇಗದ, ಕಲಕಿದ ನೀರಿನಲ್ಲಿ ಬಿಟ್ಟು ನೋಡಿದರು. ಅದು ವಾಸನೆ ಹಿಡಿದು ಊಟ ತಲುಪಿತು. ಇದಕ್ಕೆ ವಿವರಣೆ ಅದರ ನಿಧಾನದಲ್ಲೇ ಇದೆ. ಏಡಿ ಓಡುತ್ತಾ ಕ್ಷಣಕ್ಕೊಂದು ಸ್ಯಾಂಪಲ್ ನೋಡಿ ತೀರ್ಮಾನ ಮಾಡಬೇಕು. ಬಸವನಹುಳು ಒಂದು ಅಂಗುಲ ಸರಿಯುವಷ್ಟರಲ್ಲಿ ನೂರು ಚೂರು ವಾಸನೆ ಅದರ ಮೂಗಿನಲ್ಲಿ ಹಾದುಹೋಗಿರುತ್ತದೆ. ಅದು ಸರಾಸರಿ ತೆಗೆದುಕೊಂಡು ನಡೆಯುತ್ತದೆ. ಇಲೆಕ್ಟ್ರಾನಿಕ್ಸ್ ಬ್ರ್ಯಾಂಚಿನವರಿಗೆ ಹೇಳಬೇಕಿಲ್ಲ, ಇದು ಲೋ ಪಾಸ್ ಫಿಲ್ಟರ್. ಇಂಟರ್ನಲ್ಸ್ ಹಿಂದಿನ ದಿನ 'ನೀನು ಬಸವನಹುಳು' ಅಂತ ಯಾರಾದರೂ ಬೈದರೆ ಇದನ್ನು ಹೇಳಿ ಬಾಯಿ ಮುಚ್ಚಿಸಬಹುದು.

ಇಷ್ಟಾದರೂ ಇದುವರೆಗೆ ಹೇಳಿದ್ದು ಸುಲಭದ ಭಾಗ. ವಾಸನೆ ಬಂತು, ಹೋದೆ, ತಿಂದೆ. ಕಷ್ಟ ಇರುವುದು ಮುಂದೆ. ಹೆಣ ಇರುವ ಕಡೆ ಏಡಿಯೂ ಬರುತ್ತದೆ. ಏಡಿ ಹೆಣವನ್ನಷ್ಟೇ ತಿಂದು ಹೋಗುವ ಸಭ್ಯಸ್ಥ ಅಲ್ಲ, ಪಕ್ಕದಲ್ಲಿ ಕೂತ ಬಸವನಹುಳುವಿನ ಚಿಪ್ಪನ್ನೂ ಇಕ್ಕುಳದಲ್ಲಿ ಒಡೆಯುತ್ತದೆ. ಚಿಪ್ಪು ಒಡೆದ ಕೂಡಲೇ ಒಳಗಿನ ರಸ ನೀರಿಗೆ ಬೀಳುತ್ತದೆ. ಆ ರಸ ಏನು? ಅದೂ ಮಾಂಸವೇ. ಸುತ್ತಲಿನ ಹುಳುಗಳ ಸೈಫನ್ನಿಗೆ ಒಂದೇ ನೀರಿನಲ್ಲಿ ಎರಡು ಸುದ್ದಿ ಬರುತ್ತವೆ. 'ಇಲ್ಲಿ ಊಟ ಇದೆ' ಅನ್ನುವುದು ಒಂದು. 'ಇಲ್ಲಿ ನಿನ್ನಂಥವನೊಬ್ಬ ಈಗಷ್ಟೇ ಸತ್ತ' ಅನ್ನುವುದು ಇನ್ನೊಂದು. ಮೂಗು ಒಂದೇ, ಕಣ್ಣು ನಂಬುವ ಹಾಗಿಲ್ಲ, ಓಡುವ ಕಾಲಿಲ್ಲ.

ಮೀನುಗಳಲ್ಲಿ ಇಂಥ ಸಾವಿನ ವಾಸನೆ ಇದೆ ಅಂತ ಮೊದಲು ತೋರಿಸಿದವರು ಜೇನುನೊಣದ ಕುಣಿತವನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್. 1938ರಲ್ಲಿ ಅವರು ಬರೆದ ಪ್ರಕಾರ, ಗಾಯಗೊಂಡ ಪುಟ್ಟ ಮೀನಿನ ಚರ್ಮದಿಂದ ಬರುವ ವಸ್ತುವೊಂದು ನೀರಿಗೆ ಸೇರಿದರೆ ಅದೇ ಜಾತಿಯ ಉಳಿದ ಮೀನುಗಳು ಹೆದರಿ ಓಡುತ್ತವೆ. ಬಸವನಹುಳುಗಳಲ್ಲೂ ಇದೇ ಕಥೆ. ಅಮೆರಿಕದ ಪೂರ್ವ ಕರಾವಳಿಯ ಕೆಸರಿನಲ್ಲಿ ಸಾವಿರಗಟ್ಟಲೆ ಇರುವ ಒಂದು ಜಾತಿಯನ್ನು ಆಗ ನಸ್ಸಾರಿಯಸ್ ಆಬ್ಸೊಲೀಟಸ್ ಅನ್ನುತ್ತಿದ್ದರು. 1970ರ ದಶಕದಲ್ಲಿ ಯೆಲ್ಲೆ ಅಟೇಮಾ ಮತ್ತು ಅವರ ಜೊತೆಗಾರರು ತಮ್ಮ ಪ್ರಯೋಗಗಳಲ್ಲಿ ತಮ್ಮದೇ ಜಾತಿಯ ಜಜ್ಜಿದ ಹುಳುವಿನ ವಾಸನೆ ಕೊಟ್ಟಾಗ ಅವು ತಿರುಗಿ ಹೊರಟವು, ಮರಳಲ್ಲಿ ಹೂತುಕೊಂಡವು. ಮಾಂಸ ಅಂತ ತಿನ್ನಲು ಬರಬೇಕಾದವು ಹೀಗೆ ಮಾಡಿದವು ಅಂದರೆ, ಆ ರಸದಲ್ಲಿ 'ಮಾಂಸ' ಅನ್ನುವುದರ ಮೇಲೆ ಇನ್ನೊಂದು ಮೊಹರು ಇದೆ ಅಂತ ಅರ್ಥ.

ಕೊಲ್ಲುವವನ ವಾಸನೆಯೂ ಸುದ್ದಿಯೇ. ಯುರೋಪಿನ ನಸ್ಸಾರಿಯಸ್ ಒಂದಕ್ಕೆ ನಕ್ಷತ್ರಮೀನು ತಗುಲಿದರೆ ಅದು ಪಾದವನ್ನು ನೆಲಕ್ಕೆ ಒದ್ದು, ಚಿಪ್ಪಿನ ಸಮೇತ ಲಾಗ ಹಾಕಿ ದೂರ ಬೀಳುತ್ತದೆ. ದಿನವಿಡೀ ತೆವಳುವವನು ಪ್ರಾಣಕ್ಕೆ ಬಂದಾಗ ಪಲ್ಟಿ ಹೊಡೆಯುತ್ತಾನೆ! ನಕ್ಷತ್ರಮೀನಿನಲ್ಲಿ ಹೆದರಿಸುವ ವಸ್ತು ಯಾವುದು ಅಂತ 1960ರ ದಶಕದ ಕೊನೆಗೆ ಹುಡುಕಿದಾಗ ಸಿಕ್ಕಿದ್ದು ಸ್ಯಾಪೋನಿನ್‌ಗಳು. ಅದು ಬೇರೊಂದು ಜಾತಿಯ ದೊಡ್ಡ ಬಸವನಹುಳುವಿನ ಮೇಲೆ ಮಾಡಿದ ಕೆಲಸ. ಸ್ಯಾಪೋನಿನ್ ಅಂದರೆ ಸೋಪಿನ ಹಾಗೆ ನೊರೆ ಬರಿಸುವ ವಸ್ತು. ನಮ್ಮ ಅಂಟುವಾಳ ಕಾಯಿ, ಸೀಗೆಕಾಯಿಯಲ್ಲಿ ನೊರೆ ಬರುವುದು ಇದೇ ಕುಟುಂಬದ ಅಣುಗಳಿಂದ.

ಸರಿ, ಎರಡೂ ಸುದ್ದಿ ಒಟ್ಟಿಗೆ ಬಂದರೆ ಹುಳು ಏನು ಮಾಡುತ್ತೆ? ಇದೇ ಪ್ರಶ್ನೆಯನ್ನು ಹಾಂಗ್‌ಕಾಂಗ್‌ನ ತೀರದಲ್ಲಿ ಸಿಗುವ ನಸ್ಸಾರಿಯಸ್ ಫೆಸ್ಟಿವಸ್ ಎಂಬ ಪುಟ್ಟ ಹುಳುವಿಗೆ ಕೇಳಿದರು. ಆಗಲೇ ಹೇಳಿದ ಮಾರ್ಟನ್ ಮತ್ತು ಬ್ರಿಟನ್, ಜೊತೆಗೆ ಚಾನ್ ಎಂಬುವರು 1995ರಲ್ಲಿ ಬರೆದ ಪೇಪರಿನ ಹೆಸರಲ್ಲೇ ಉತ್ತರ ಇದೆ. ಕನ್ನಡದಲ್ಲಿ ಹೇಳಿದರೆ 'ಹಸಿವು ಭಯವನ್ನು ಮೀರುತ್ತದೆ'. ಹೊಟ್ಟೆ ತುಂಬಿದ ಹುಳು ಜಜ್ಜಿದ ಬಂಧುವಿನ ವಾಸನೆ ಇದ್ದರೆ ಊಟದ ಹತ್ತಿರ ಬರಲು ಒಪ್ಪುವುದಿಲ್ಲ. ಉಪವಾಸ ಬಿದ್ದ ಹುಳು ಅದೇ ವಾಸನೆಯ ನಡುವೆಯೂ ಬಂದು ತಿನ್ನುತ್ತದೆ.

ಇದನ್ನು ಓದಿದ ಮೇಲೆ ನನಗೆ ಮನಸ್ಸಿನಲ್ಲಿ ನಿಂತದ್ದು ಹುಳುವಿನ ಧೈರ್ಯ ಅಲ್ಲ. ಧೈರ್ಯ ಅನ್ನುವ ಮಾತನ್ನು ಇಲ್ಲಿ ತರುವುದೇ ಬೇಡ ಅಂತ ನನ್ನ ಅಭಿಪ್ರಾಯ. ನೀರು ಅದೇ, ಅದರಲ್ಲಿರುವ ಅಣುಗಳು ಅವೇ, ಮೂಗು ಅದೇ. ಆದರೂ ಒಂದು ದಿನದ ಉತ್ತರ 'ಓಡು', ಇನ್ನೊಂದು ದಿನದ ಉತ್ತರ 'ತಿನ್ನು'. ಇನ್‌ಪುಟ್ ಒಂದೇ ಇದ್ದು ಔಟ್‌ಪುಟ್ ಬೇರೆ ಬಂದರೆ ನಾವೇನು ಹೇಳ್ತೀವಿ? ಒಳಗೆ ಒಂದು ಸ್ಟೇಟ್ ಇದೆ ಅಂತ. ಇಲ್ಲಿ ಆ ಸ್ಟೇಟ್ ಹೊಟ್ಟೆ. ಕಂಪ್ಯಾರೇಟರ್ ಸರ್ಕ್ಯೂಟಿನ ರೆಫರೆನ್ಸ್ ವೋಲ್ಟೇಜನ್ನು ಯಾರೋ ದಿನವೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಿರುವ ಹಾಗೆ ಹಸಿವು ಭಯದ ಗಡಿಯನ್ನು ಮೇಲಕ್ಕೆ ಸರಿಸುತ್ತಾ ಹೋಗುತ್ತದೆ. ಮೊದಲೇ ಬರೆದಿಟ್ಟ ಪ್ರೋಗ್ರಾಮ್ ಹಾಗೆ ಪ್ರಾಣಿಗಳು ನಡೆದುಕೊಳ್ಳುತ್ತವೆ ಅಂತ ಪಿಯುಸಿ ಬಯಾಲಜಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರಲ್ಲ, ಆ ಸಾಲು ಈ ಬೆರಳುದ್ದದ ಹುಳುವಿಗೂ ಸಾಲುವುದಿಲ್ಲ.

ಲೆಕ್ಕವೂ ಸರಿಯಾಗಿಯೇ ಇದೆ. ಓಡಿಹೋಗುವುದು ಪುಕ್ಕಟೆ ಅಲ್ಲ. ಮುಂದಿನ ಹೆಣ ನಾಳೆ ಸಿಗಬಹುದು, ತಿಂಗಳಾದರೂ ಸಿಗದಿರಬಹುದು. ಹೊಟ್ಟೆ ತುಂಬಿದ್ದರೆ ಈ ಊಟ ಬಿಟ್ಟರೆ ನಷ್ಟ ಕಡಿಮೆ, ಏಡಿಗೆ ಸಿಕ್ಕರೆ ನಷ್ಟ ಪೂರ್ತಿ. ಸಾಯುವಷ್ಟು ಹಸಿದಿದ್ದರೆ ಏಡಿ ಇಂದು ಕೊಲ್ಲಬಹುದು, ಹಸಿವು ನಾಳೆ ಕೊಂದೇ ಕೊಲ್ಲುತ್ತದೆ. ಎರಡರಲ್ಲಿ 'ಬಹುದು' ಇರುವುದನ್ನು ಅದು ಆರಿಸಿಕೊಳ್ಳುತ್ತದೆ. ತಲೆಯಲ್ಲಿ ಕ್ಯಾಲ್ಕ್ಯುಲೇಟರ್ ಇದೆ ಅಂತ ಹೇಳುತ್ತಿಲ್ಲ. ಹೀಗೆ ನಡೆದುಕೊಂಡ ಹುಳುಗಳ ಮಕ್ಕಳು ಉಳಿದರು, ಅಷ್ಟೇ.

ಈ ಹಸಿವನ್ನು ಮನುಷ್ಯರು ಬಳಸಿಕೊಳ್ಳದೆ ಬಿಟ್ಟಿಲ್ಲ. ಬೇಬಿಲೋನಿಯಾ ಎಂಬ ದೊಡ್ಡ, ಚುಕ್ಕೆ ಚಿಪ್ಪಿನ ಬಸವನಹುಳುವಿಗೂ ಸತ್ತ ಮೀನೆಂದರೆ ಪ್ರಾಣ. ಕೇರಳ ಮತ್ತು ತಮಿಳುನಾಡಿನ ಮೀನುಗಾರರು ಬಲೆ ಕಟ್ಟಿದ ಬಳೆಯಲ್ಲಿ ಮೀನಿನ ತುಂಡಿಟ್ಟು ಇಳಿಸಿದರೆ ಅವು ತಾವೇ ಬಂದು ಹತ್ತುತ್ತವೆ. 1990ರ ದಶಕದಿಂದ ಕೇರಳದ ನೀಂಡಕರದಂಥ ಕಡೆ ಇದು ರಫ್ತಿನ ವ್ಯಾಪಾರ. ಹುಳುವಿನ ಕಡೆಯಿಂದ ನೋಡಿದರೆ, ಸರಿಯಾದ ಸುದ್ದಿಯನ್ನೇ ನಂಬಿ ಬಂದು ಬೋನಿಗೆ ಬಿದ್ದ ಹಾಗಾಯಿತು.

ಸುದ್ದಿಯೇ ತಲುಪದಿದ್ದರೆ? ಈ ಪ್ರಶ್ನೆ ಸಮುದ್ರವಿಲ್ಲದ ನಮ್ಮ ಜಿಲ್ಲೆಗೂ ಸಂಬಂಧಪಟ್ಟದ್ದು, ಯಾಕೆಂದರೆ ನೀರಿನಲ್ಲಿ ವಾಸನೆ ಹಿಡಿದು ಬದುಕುವುದು ಸಮುದ್ರದ ಹುಳುಗಳ ಒಂದು ಪಂಗಡ ಮಾತ್ರ ಅಲ್ಲ. ಹೊಳೆಯ ಬಸವನಹುಳುಗಳಲ್ಲೂ ಜಜ್ಜಿದ ಜೊತೆಗಾರನ ವಾಸನೆಗೆ ನೀರಿನಿಂದ ಮೇಲಕ್ಕೆ ಹತ್ತಿ ತಪ್ಪಿಸಿಕೊಳ್ಳುವ ಜಾತಿಗಳಿವೆ. ಹೊಳೆಯ ಮೀನುಗಳಿಗಂತೂ ಫಾನ್ ಫ್ರಿಶ್ ಹೇಳಿದ ಆ ಚರ್ಮದ ವಾಸನೆಯೇ ಎಚ್ಚರಿಕೆಯ ಗಂಟೆ. ಅಮೆರಿಕದಲ್ಲಿ ಸಾಲ್ಮನ್ ಮರಿಗಳ ಮೇಲೆ 2007ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ನೀರಿನಲ್ಲಿ ಕರಗಿದ ತಾಮ್ರ ಲೀಟರಿಗೆ 2ರಿಂದ 20 ಮೈಕ್ರೋಗ್ರಾಂ ಇದ್ದರೆ, ಕೆಲವೇ ಗಂಟೆಗಳಲ್ಲಿ ಆ ಮರಿಗಳ ಮೂಗು ಮಂಕಾಗುತ್ತದೆ. ಆಮೇಲೆ ಸಾವಿನ ವಾಸನೆ ಕೊಟ್ಟರೂ ಅವು ಹೆದರಿ ನಿಲ್ಲುವುದಿಲ್ಲ, ಈಜುತ್ತಲೇ ಇರುತ್ತವೆ. ಮರಿ ಸತ್ತಿಲ್ಲ, ಕಾಯಿಲೆ ಬಿದ್ದಿಲ್ಲ, ನೋಡಲು ಚೆನ್ನಾಗಿಯೇ ಇದೆ. ಅಪಾಯ ಬಂದಾಗ ಮಾತ್ರ ಗೊತ್ತಾಗುವುದಿಲ್ಲ.

ಈಗ ಇನ್ನೊಂದು ಸಂಖ್ಯೆ. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಅಂದರೆ 50 ಮೈಕ್ರೋಗ್ರಾಂ. ನಮ್ಮ ಲ್ಯಾಬ್ ರಿಪೋರ್ಟಿನಲ್ಲಿ 'ಪಾಸ್' ಅಂತ ಬಂದ ನೀರಿನಲ್ಲಿ ಮೀನೊಂದು ಮೂಗು ಕಳೆದುಕೊಂಡು ಈಜುತ್ತಿರಬಹುದು. ಮಾನದಂಡ ತಪ್ಪು ಅಂತ ಅಲ್ಲ, ಅದನ್ನು ಬರೆದದ್ದು ಮನುಷ್ಯರ ಹೊಟ್ಟೆಗಾಗಿ. ನೀರಿನ ಗಡಸುತನ, ಅದರಲ್ಲಿ ಕರಗಿದ ಎಲೆ ಮಣ್ಣಿನ ಸಾರ ಇವೆಲ್ಲ ತಾಮ್ರವನ್ನು ಹಿಡಿದಿಟ್ಟುಕೊಂಡು ಅದರ ಕೆಡುಕನ್ನು ಕಡಿಮೆ ಮಾಡುತ್ತವೆ ಎನ್ನುವುದನ್ನೂ ಮರೆಯುವಂತಿಲ್ಲ.

ತಾಮ್ರ ಅಂದಕೂಡಲೇ ಮಲೆನಾಡಿನವರಿಗೆ ನೆನಪಾಗಬೇಕಾದ್ದು ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ಹೊಡೆಯದ ತೋಟ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹುಡುಕಬೇಕು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಕೆಲಸ ಮಾಡಿ ಬಳಕೆಗೆ ತಂದ ಈ ಔಷಧಿ ನೂರು ವರ್ಷಗಳಿಂದ ಅಡಿಕೆ ಬೆಳೆಗಾರರನ್ನು ಕಾಪಾಡಿದೆ. ಅದನ್ನು ಬಿಡಿ ಅಂತ ಎರಡನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿನಿ ಹೇಳಿದರೆ ಕೊನೆಗೌಡರೇ ನಗುತ್ತಾರೆ. ನಾನು ಹೇಳುವುದೂ ಅದಲ್ಲ. ಒಂದು ಲೆಕ್ಕ ಮಾತ್ರ ಹಾಕೋಣ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ತೂಕದಲ್ಲಿ ತಾಮ್ರ ಸುಮಾರು ಕಾಲು ಭಾಗ. ಹಾಗಾದರೆ ಒಂದು ಲೀಟರ್ ಬೋರ್ಡೋದಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರ. ಅದು ಪೂರ್ತಿ ಕರಗಿ ಹಳ್ಳಕ್ಕೆ ಹೋಯಿತು ಅಂತ ಇಟ್ಟುಕೊಂಡರೆ ಹತ್ತು ಲಕ್ಷ ಲೀಟರ್ ನೀರನ್ನು ಎರಡೂವರೆ ಮೈಕ್ರೋಗ್ರಾಂ ಮಟ್ಟಕ್ಕೆ ತರಲು ಸಾಕು. ನಿಜದಲ್ಲಿ ಹಾಗಾಗುವುದಿಲ್ಲ. ಬೋರ್ಡೋದ ಗುಣವೇ ಕರಗದೆ ಗೊನೆಗೆ ಅಂಟಿಕೊಳ್ಳುವುದು, ಉದುರಿದ್ದರಲ್ಲೂ ಬಹುಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಎಷ್ಟು ಉಳಿಯುತ್ತೆ, ಎಷ್ಟು ಹೊಳೆಗೆ ಇಳಿಯುತ್ತೆ ಅನ್ನುವುದು ಅಳೆದರೆ ಗೊತ್ತಾಗುವ ವಿಷಯ. ಭದ್ರಾವತಿಯಲ್ಲಿ ಬೆಳೆದ ನಮಗೆ ಹೊಳೆ ಕೆಡುವುದು ಅಂದರೆ ಕಾರ್ಖಾನೆ, ನೊರೆ, ಬಣ್ಣ, ತೇಲುವ ಮೀನು ಅಂತಲೇ ಅಭ್ಯಾಸ. ಬಣ್ಣವೂ ಇಲ್ಲದೆ, ಮೀನೂ ಸಾಯದೆ ಕೆಡುವ ಒಂದು ಬಗೆ ಇದೆ. ಅದಕ್ಕೆ ಬಿಒಡಿ, ಸಿಒಡಿ, ಪಿಎಚ್ ಟೆಸ್ಟುಗಳು ಏನೂ ಹೇಳುವುದಿಲ್ಲ. ಸಿವಿಲ್ ಮತ್ತು ಎನ್ವಿರಾನ್ಮೆಂಟಲ್ ಎಲೆಕ್ಟಿವ್‌ನವರು ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕುತ್ತಿದ್ದರೆ, ಜುಲೈ ತಿಂಗಳಲ್ಲಿ ತೋಟದ ಕೆಳಗಿನ ಹಳ್ಳವೊಂದರ ತಾಮ್ರ ಅಳೆಯುವುದು ಇನ್ನೊಂದು ಸ್ಮಾರ್ಟ್ ಡಸ್ಟ್‌ಬಿನ್‌ಗಿಂತ ಒಳ್ಳೆಯದು ಅಂತ ನನಗನ್ನಿಸುತ್ತದೆ.

ತಾಮ್ರವೊಂದೇ ಅಲ್ಲ. ಆಸ್ಟ್ರೇಲಿಯಾದ ಹವಳದ ದಿಬ್ಬಗಳಲ್ಲಿ ಜಿಗಿಯುವ ಶಂಖದ ಹುಳುವೊಂದಿದೆ. ತನ್ನನ್ನು ತಿನ್ನುವ ವಿಷದ ಕೋನ್ ಬಸವನಹುಳುವಿನ ವಾಸನೆ ಸಿಕ್ಕರೆ ಅದು ಹಾರಿ ಹಾರಿ ತಪ್ಪಿಸಿಕೊಳ್ಳುತ್ತದೆ. ಈ ಶತಮಾನದ ಕೊನೆಗೆ ನಿರೀಕ್ಷಿಸುವಷ್ಟು ಕಾರ್ಬನ್ ಡೈಆಕ್ಸೈಡ್ ಬೆರೆತ ನೀರಿನಲ್ಲಿ ಇಟ್ಟಾಗ ಜಿಗಿಯುವವುಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಅಂತ 2014ರಲ್ಲಿ ಪ್ರಕಟವಾಯಿತು. ಈ ಸಾಲಿನ ಕೆಲಸವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಹವಳದ ಮೀನುಗಳ ಮೇಲೆ ಇದೇ ತರಹದ ಫಲಿತಾಂಶಗಳನ್ನು ಬೇರೆ ತಂಡವೊಂದು ಮತ್ತೆ ಮಾಡಿ ನೋಡಿದಾಗ ಅವು ಸಿಗಲಿಲ್ಲ ಅಂತ 2020ರಲ್ಲಿ ನೇಚರ್‌ನಲ್ಲೇ ಬಂತು. ತಾಮ್ರದ ವಿಷಯ ಅಷ್ಟು ಅಲುಗಾಡುವಂಥದ್ದಲ್ಲ.

ಕ್ಲಾಸ್ ಟ್ರಿಪ್ ಅಂತ ಹುಲಿಕಲ್ ಘಾಟಿ ಇಳಿದು ಮರವಂತೆಗೋ, ಜೋಗದ ದಾರಿಯಲ್ಲಿ ಹೊನ್ನಾವರಕ್ಕೋ ವರ್ಷಕ್ಕೊಮ್ಮೆ ಎಲ್ಲರೂ ಹೋಗೇ ಹೋಗ್ತೀರಿ. ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಹುಟ್ಟಿದ್ದು ನಮ್ಮ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲೇ. ಮುಂದಿನ ಸಲ ಫೋಟೋ ಮುಗಿದ ಮೇಲೆ ಒಂದು ಕೆಲಸ ಮಾಡಿ. ಇಳಿತದ ಹೊತ್ತಿನಲ್ಲಿ, ಅಲೆಯ ಆರ್ಭಟ ಕಡಿಮೆ ಇರುವ ಅಳಿವೆಯ ಕಡೆ, ಪಾದ ಮುಳುಗುವಷ್ಟು ನೀರಿರುವ ಜಾಗದಲ್ಲಿ ಒಂದು ಬಂಗುಡೆ ತಲೆಯನ್ನು ಕಲ್ಲಿಗೆ ಕಟ್ಟಿ ಇಡಿ. ಹಿಂದಿನ ದಿನದ್ದಾದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಈಗ ಗೊತ್ತಿದೆ. ಸ್ಟಾಪ್‌ವಾಚ್ ಹಾಕಿ, ಮೂರ್ನಾಲ್ಕು ಹೆಜ್ಜೆ ದೂರ, ನೀರು ಹರಿಯುವ ದಿಕ್ಕಿನಲ್ಲಿ ಮರಳನ್ನು ನೋಡುತ್ತ ನಿಲ್ಲಿ. ಅಲ್ಲಿ ಅವು ಇದ್ದರೆ ಮೊದಲು ಮರಳಿನಿಂದ ಕಡ್ಡಿಯಂಥದ್ದೊಂದು ಮೇಲೆ ಬಂದು ಎಡಕ್ಕೆ ಬಲಕ್ಕೆ ಆಡುತ್ತದೆ. ಆಮೇಲೆ ಚಿಪ್ಪು ಕಾಣುತ್ತದೆ. ಎಷ್ಟನೇ ನಿಮಿಷಕ್ಕೆ ಮೊದಲನೆಯದು ಮುಟ್ಟಿತು, ಎಷ್ಟು ಹೊತ್ತು ತಿಂದು ಹೋಯಿತು, ಏಡಿ ಬಂದಾಗ ಯಾರು ಎದ್ದು ಹೋದರು, ಯಾರು ಕೂತೇ ಇದ್ದರು ಅಂತ ಬರೆದುಕೊಂಡು ಬನ್ನಿ. ಯಾವುದನ್ನೂ ಜಜ್ಜಬೇಡಿ, ಅದನ್ನು ಏಡಿಯೇ ನೋಡಿಕೊಳ್ಳುತ್ತದೆ. ಪಟ್ಟಿಯನ್ನು ನಮ್ಮ ಕನ್ನಡ ಸಂಘಕ್ಕೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ. ಬಸ್ಸಿನಲ್ಲಿ ಬಂಗುಡೆ ಡಬ್ಬಿಯ ಮುಚ್ಚಳ ಮಾತ್ರ ಗಟ್ಟಿಯಾಗಿ ಮುಚ್ಚಿ, ಡಬ್ಬಿಯೊಳಗೆ ಒಂದು ನಿಂಬೆಹಣ್ಣು ಹಿಂಡಿರಿ.